ಐದು ತಿಂಗಳು ನಿಂತ ಇಂಡಿಕಾ ಡೀಸೆಲ್: ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದ ಎಂಜಿನ್ನಿನ ರಿಪೇರಿ ದಿನಚರಿ

ಗಾಡಿ: ಟಾಟಾ ಇಂಡಿಕಾ ವಿ2 ಡೀಸೆಲ್, 2005ರ ಮಾಡೆಲ್. 1405 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ರೋಟರಿ ಡೀಸೆಲ್ ಪಂಪು (ತಿರುಗುತ್ತ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಹಂಚುವ ಪಂಪು), ಹೀಟರ್ ಪ್ಲಗ್ಗು (ಚಳಿಯಲ್ಲಿ ಹಿಡಿಯಲೆಂದು ಸಿಲಿಂಡರಿನ ಒಳಗನ್ನು ಮೊದಲೇ ಕಾಯಿಸುವ ಪ್ಲಗ್ಗು) ಇರುವ ಹಳೇ ಕಾಲದ ಎಂಜಿನ್. ಓಡಿದ್ದು 1,62,000 ಕಿ.ಮೀ. ಸಕಲೇಶಪುರದ ಹತ್ತಿರ ಒಂದು ಶೆಡ್ಡಿನಲ್ಲಿ ಜೂನ್ ಮೊದಲ ವಾರದಿಂದ ನವೆಂಬರ್ ತನಕ ಕದಲದೆ ನಿಂತಿತ್ತು. ಅಂದರೆ ಮಲೆನಾಡಿನ ಇಡೀ ಮಳೆಗಾಲ.

ತೊಂದರೆ: ಕೀ ತಿರುಗಿಸಿದರೆ ಸೆಲ್ಫ್ ನಿಧಾನಕ್ಕೆ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ.

ಕೊನೆಗೆ ಸಿಕ್ಕಿದ್ದು ಒಂದಲ್ಲ, ಐದು ದೋಷ. ಒಂದರ ಬೆನ್ನಿಗೆ ಇನ್ನೊಂದು ಅಡಗಿ ಕೂತಿತ್ತು. ಒಂದನ್ನು ಸರಿ ಮಾಡಿದರೆ ಮಾತ್ರ ಮುಂದಿನದು ಕಾಣುತ್ತಿತ್ತು. ಅಳೆಯದೆ ಬಿಚ್ಚಿದ ಕಡೆಯೆಲ್ಲ ಹೊತ್ತು ಹಾಳಾಯಿತು. ಆ ತಪ್ಪುಗಳನ್ನು ಆಯಾ ದಿನದ ಕೆಳಗೇ ಬರೆದಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. ಇಲ್ಲಿ ಬರುವ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ನಟ್ಟು ಸಡಿಲಿಸುವ ಕೆಲಸ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳಿಗೆ ಮಾತ್ರ. ಸಿಆರ್‌ಡಿಐ (ಭಾರಿ ಒತ್ತಡದ ಡೀಸೆಲ್ಲನ್ನು ಕಂಪ್ಯೂಟರ್ ಹಿಡಿತದಲ್ಲಿ ಸಿಂಪಡಿಸುವ ಹೊಸ ಬಗೆಯ) ಗಾಡಿಯಲ್ಲಿ ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಳೇ ಪಂಪಿನಲ್ಲೂ ಚಿಮ್ಮುವ ಜಾಗಕ್ಕೆ ಕೈ ಒಡ್ಡಬಾರದು, ಬಟ್ಟೆ ಅಥವಾ ರಟ್ಟು ಹಿಡಿಯಬೇಕು.

ಬಳಸಿದ ಸಾಮಾನು: ಮಲ್ಟಿಮೀಟರ್, ಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ (ಎಸಿ ಮಾತ್ರ ಅಳೆಯುವ ಅಗ್ಗದ ಕ್ಲಾಂಪ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ), 12 ವೋಲ್ಟ್ ಟೆಸ್ಟ್ ಲ್ಯಾಂಪ್, 10, 12, 13, 17, 19ರ ಸ್ಪ್ಯಾನರ್‌ಗಳು, 2 ಲೀಟರಿನ ಕ್ಯಾನು, 8 ಮಿ.ಮೀ. ಒಳಅಳತೆಯ ಪಾರದರ್ಶಕ ಪೈಪು 1 ಮೀಟರ್, ಬಾಡಿಗೆಗೆ ತಂದ ಡೀಸೆಲ್ ಕಂಪ್ರೆಷನ್ ಗೇಜು (ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಯುವುದು).

ನವೆಂಬರ್ 8: ಕೀ ಮುಟ್ಟುವ ಮೊದಲು, ಆಮೇಲೆ ಬ್ಯಾಟರಿ

ತಿಂಗಳುಗಟ್ಟಲೆ ನಿಂತ ಗಾಡಿಗೆ ನೇರವಾಗಿ ಸೆಲ್ಫ್ ಹೊಡೆಯಬಾರದು. ಆಯಿಲ್ ಕಡ್ಡಿ ನೋಡಿದೆ, ಮಟ್ಟ ಸರಿ ಇತ್ತು, ಡೀಸೆಲ್ ವಾಸನೆ ಇರಲಿಲ್ಲ. ಮಟ್ಟ ಏರಿದ್ದರೆ ಡೀಸೆಲ್ಲೋ ನೀರೋ ಆಯಿಲ್‌ಗೆ ಸೇರಿದೆ ಎಂದರ್ಥ. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಇಲಿ ಗೂಡು. ಒಣಹುಲ್ಲು, ಹತ್ತಿ, ಗೋಣಿದಾರ. ಪೂರ್ತಿ ತೆಗೆದು, ಫಿಲ್ಟರ್ ಜಾಡಿಸಿ ಕೂರಿಸಿದೆ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಲ್ಲಿ ಪೂರಾ ಎರಡು ಸುತ್ತು ತಿರುಗಿಸಿದೆ. ನಾಲ್ಕು ಸಲ ಕಂಪ್ರೆಷನ್ನಿನ ಬಿಗಿ ಸಿಕ್ಕಿತು, ಎಲ್ಲೂ ಲೋಹ ತಾಗಿದ ಹಾಗೆ ನಿಲ್ಲಲಿಲ್ಲ. ಟೈಮಿಂಗ್ ಬೆಲ್ಟಿನ (ಕ್ರ್ಯಾಂಕಿನಿಂದ ವಾಲ್ವು ತೆರೆಯುವ ಕ್ಯಾಮನ್ನು ತಿರುಗಿಸುವ ಹಲ್ಲಿನ ಬೆಲ್ಟು) ಕವರಿನ ಮೇಲ್ಭಾಗ ಬಿಚ್ಚಿ ನೋಡಿದರೆ ಬೆಲ್ಟ್ ಹಲ್ಲು ಉದುರಿಲ್ಲ, ಕ್ಯಾಮ್ ತಿರುಗುತ್ತಿದೆ.

ಬ್ಯಾಟರಿ 11.9 ವೋಲ್ಟ್. 12.6 ಇದ್ದರೆ ಪೂರ್ತಿ ಚಾರ್ಜ್, 12.0ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಖಾಲಿ. 5 ಆಂಪ್ ಚಾರ್ಜರಿಗೆ ರಾತ್ರಿಯಿಡೀ ಹಾಕಿ, ಮರುದಿನ ಬೆಳಗ್ಗೆ ಚಾರ್ಜರ್ ತೆಗೆದು ಎರಡು ಗಂಟೆ ಬಿಟ್ಟು ನೋಡಿದಾಗ 12.6.

ನವೆಂಬರ್ 9, ಬೆಳಗ್ಗೆ: ಬ್ಯಾಟರಿ ಸರಿ, ಸೆಲ್ಫ್ ಮಾತ್ರ ಮಂದ

ಸೆಲ್ಫ್ ವೇಗ ಅಳೆಯಲು ಮೀಟರ್ ಬೇಡ. ಬಾನೆಟ್ಟಿನ ಹತ್ತಿರ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡು, 5 ಸೆಕೆಂಡಿನಲ್ಲಿ ಎಷ್ಟು ಸಲ "ಗುಂ" ಎನ್ನುತ್ತದೆ ಎಂದು ಎಣಿಸಿದರೆ ಸಾಕು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಕಂಪ್ರೆಷನ್ನಿಗೆ ಬರುತ್ತದೆ. ಎಣಿಕೆ 18 ಬಂತು, ಅಂದರೆ ನಿಮಿಷಕ್ಕೆ 108 ಸುತ್ತು. ಡೀಸೆಲ್ ಎಂಜಿನ್ ಹತ್ತಿಕೊಳ್ಳುವುದು ಗಾಳಿ ಒತ್ತಿ ಕಾದ ಬಿಸಿಗೆ. ನಿಧಾನಕ್ಕೆ ಒತ್ತಿದರೆ ಗಾಳಿ ರಿಂಗಿನ ಸಂದಿಯಲ್ಲಿ ಜಾರಿಹೋಗುತ್ತದೆ, ಬಿಸಿ ಗೋಡೆಗೆ ಹೀರಿಹೋಗುತ್ತದೆ. 150 ಸುತ್ತಾದರೂ ಬೇಕು, 200 ಇದ್ದರೆ ಒಳ್ಳೆಯದು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎಲ್ಲರೂ ಸೆಲ್ಫ್ ಮೋಟಾರ್ ಬಿಚ್ಚಿ ಬ್ರಷ್ ಹಾಕಿಸಲು ಒಯ್ಯುತ್ತಾರೆ. ಅದಕ್ಕೆ ಮೊದಲು ಐದು ನಿಮಿಷದ ಒಂದು ಪರೀಕ್ಷೆ ಇದೆ. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ವೋಲ್ಟೇಜ್ ನೋಡಬೇಕು:

ಬ್ಯಾಟರಿಯ ಎರಡು ತುದಿಗಳ ನಡುವೆ: 10.4
ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನಿಂದ ಅದರ ಮೈಗೆ: 8.6
ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್ ಬೋಲ್ಟಿಗೆ: 0.3
ಬ್ಯಾಟರಿ ಮೈನಸ್‌ನಿಂದ ಸೆಲ್ಫ್ ಮೈಗೆ: 1.5

ಅರ್ತ್ ದಾರಿಯಲ್ಲೇ (ಕರೆಂಟ್ ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸಾಗುವ ದಾರಿ) ಒಂದೂವರೆ ವೋಲ್ಟ್ ಹೋಗುತ್ತಿದೆ. ಅಲ್ಲಿ 0.2, ಹೆಚ್ಚೆಂದರೆ 0.3 ಇರಬೇಕು. ಗೇರ್‌ಬಾಕ್ಸಿನಿಂದ ಗಾಡಿಯ ಲೋಹದ ಮೈಗೆ (ಬಾಡಿ) ಹೋಗುವ ಅರ್ತ್ ಪಟ್ಟಿಯ ಹೊರಗಡೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೋಲ್ಟ್ ಬಿಚ್ಚಿದ ಮೇಲೆ ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆ) ಅಡಿಯಲ್ಲಿ ಹಸಿರು ಕಿಲುಬು, ಬಾಡಿಯ ಕಡೆ ತುಕ್ಕು. ಎಳೆಗಳನ್ನು ಬೆರಳಲ್ಲಿ ಹಿಂಡಿದರೆ ಪುಡಿ ಉದುರಿತು.

35 ಚದರ ಮಿ.ಮೀ. ದಪ್ಪದ ಹೊಸ ಕೇಬಲ್, 45 ಸೆಂ.ಮೀ., ಎರಡೂ ತುದಿಗೆ ಲಗ್ ಒತ್ತಿಸಿ: 280 ರೂಪಾಯಿ. ಬಾಡಿಯಲ್ಲಿ ಕೂರುವ ಜಾಗವನ್ನು ಉಪ್ಪುಕಾಗದದಲ್ಲಿ ಬೆಳ್ಳಗಾಗುವ ತನಕ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿದೆ. ಗ್ರೀಸ್ ಮೊದಲಲ್ಲ, ಬಿಗಿದ ಮೇಲೆ.

ಮತ್ತೆ ಅಳೆದರೆ ಅರ್ತ್ ದಾರಿ 0.2, ಸೆಲ್ಫಿನಲ್ಲಿ 9.6 ವೋಲ್ಟ್. 5 ಸೆಕೆಂಡಿಗೆ 33 ಎಣಿಕೆ, ಅಂದರೆ 198 ಸುತ್ತು. ಸೆಲ್ಫ್ ಮೋಟಾರ್ ಮುಟ್ಟಲೇ ಇಲ್ಲ.

ಎಂಜಿನ್ ಮಾತ್ರ ಹಿಡಿಯಲಿಲ್ಲ.

ನವೆಂಬರ್ 9, ಮಧ್ಯಾಹ್ನ: ಸೈಲೆನ್ಸರ್ ಬಾಯಿ ನೋಡುವುದು

ಸೆಲ್ಫ್ ಚುರುಕಾಗಿ ತಿರುಗುತ್ತಿದ್ದು ಎಂಜಿನ್ ಹಿಡಿಯದಿದ್ದರೆ ಮುಂದಿನ ದಾರಿ ತೋರಿಸುವುದು ಸೈಲೆನ್ಸರ್. 10 ಸೆಕೆಂಡ್ ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಹಿಂದೆ ನಿಂತು ನೋಡಬೇಕು. ಕಣ್ಣು ಉರಿಸುವ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಆಗ ಹೀಟರ್ ಪ್ಲಗ್ಗು, ಕಂಪ್ರೆಷನ್, ಟೈಮಿಂಗ್ ಕಡೆ ಹೋಗಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಸಿಲಿಂಡರಿಗೆ ತಲುಪಿಲ್ಲ. ಅಂಥ ಗಾಡಿಯಲ್ಲಿ ಹೀಟರ್ ಪ್ಲಗ್ಗು ಬಿಚ್ಚುವುದು ವ್ಯರ್ಥ ಕೆಲಸ.

ಇಲ್ಲಿ ಒಂದೆಳೆ ಹೊಗೆಯೂ ಬರಲಿಲ್ಲ.

ಮೊದಲು ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್, ಅಂದರೆ ಕೀ ಆನ್ ಇದ್ದಾಗ ಮಾತ್ರ ಡೀಸೆಲ್ ಬಿಡುವ ಕರೆಂಟ್ ವಾಲ್ವು. ಕೀ ಆನ್ ಮಾಡಿದರೆ ವೈರಿನಲ್ಲಿ 12.3 ವೋಲ್ಟ್ ಇದೆ. ವೈರ್ ತೆಗೆದು ಮತ್ತೆ ತಾಗಿಸಿದರೆ "ಟಕ್" ಎನ್ನುತ್ತದೆ. ಸೆಲ್ಫ್ ಹೊಡೆಯುವಾಗಲೂ 9.8 ಉಳಿಯಿತು. ಈ ಕೊನೆಯ ಅಳತೆಯನ್ನು ಬಿಡಬಾರದು. ಕೀ ಸ್ವಿಚ್ ಸವೆದ ಗಾಡಿಗಳಲ್ಲಿ ಆನ್‌ನಲ್ಲಿ ಕರೆಂಟ್ ಇದ್ದು ಸ್ಟಾರ್ಟ್ ಕಡೆ ತಿರುಗಿಸಿದ ಕೂಡಲೇ ಹೋಗುತ್ತದೆ. "ಟಕ್" ಸದ್ದು ಬಾರದಿದ್ದರೆ ಸೊಲೆನಾಯ್ಡ್ ಬಿಚ್ಚಿ, ಒಳಗಿನ ಪ್ಲಂಜರ್ ಮತ್ತು ಸ್ಪ್ರಿಂಗ್ ತೆಗೆದಿಟ್ಟು, ಮೈಯನ್ನು ಮಾತ್ರ ಮತ್ತೆ ಕೂರಿಸಿ ಪರೀಕ್ಷೆ ಮಾಡಬಹುದು. ಆದರೆ ಆಮೇಲೆ ಎಂಜಿನ್ ಕೀ ತೆಗೆದರೂ ನಿಲ್ಲುವುದಿಲ್ಲ. ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ, ಕ್ಲಚ್ ಬಿಟ್ಟು ನಿಲ್ಲಿಸಬೇಕಾಗುತ್ತದೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ.

ಒಂದನೇ ಇಂಜೆಕ್ಟರಿನ ಪೈಪ್ ನಟ್ಟು (17ರ ಸ್ಪ್ಯಾನರ್) ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆದರೆ ನಟ್ಟು ಬರೀ ಒದ್ದೆ, ಚಿಮ್ಮುವುದಿಲ್ಲ. ಫಿಲ್ಟರ್ ತಲೆಯ ಕೈಪಂಪು (ಟ್ಯಾಂಕಿನಿಂದ ಡೀಸೆಲ್ ಎಳೆಯಲು ಕೈಯಲ್ಲಿ ಒತ್ತುವ ಗುಂಡಿ) ನೂರು ಸಲ ಒತ್ತಿದರೂ ಗಟ್ಟಿಯಾಗುವುದಿಲ್ಲ. ಕೈಪಂಪು ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲ ಕೈಪಂಪಿನ ವಾಲ್ವೇ ಹೋಗಿದೆ.

ಫಿಲ್ಟರ್ ಅಡಿಯ ತಿರುಪು ತೆಗೆದು ಗಾಜಿನ ಲೋಟಕ್ಕೆ ಹಿಡಿದೆ. ಸುಮಾರು 60 ಮಿ.ಲೀ. ನೀರು, ಅಡಿಯಲ್ಲಿ ಕಂದು ಕೆಸರು. ಅರ್ಧ ಖಾಲಿ ಟ್ಯಾಂಕ್ ಮಳೆಗಾಲದಲ್ಲಿ ನಿಂತರೆ ಒಳಗಿನ ಗಾಳಿಯ ತೇವ ಗೋಡೆಗೆ ಕಟ್ಟಿ ಕೆಳಗಿಳಿಯುತ್ತದೆ. ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಬೇಕು ಎನ್ನುವುದು ಇದಕ್ಕೇ. ಹೊಸ ಫಿಲ್ಟರ್, 320 ರೂಪಾಯಿ.

ತಪ್ಪು 1: ಹಳೇ ಫಿಲ್ಟರ್ ಕೆಳಗೆ ಬಂತು, ಅದರ ರಬ್ಬರ್ ರಿಂಗ್ ಬರಲಿಲ್ಲ. ಕಪ್ಪು ತಲೆಗೆ ಕಪ್ಪು ರಿಂಗ್ ಅಂಟಿ ಕೂತಿತ್ತು, ಕಣ್ಣಿಗೆ ಬೀಳಲಿಲ್ಲ. ಅದರ ಮೇಲೇ ಹೊಸ ರಿಂಗ್ ಬಿಗಿದಾಯಿತು. ಕೈಪಂಪು ಮೊದಲಿಗಿಂತ ಮೆತ್ತಗಾಯಿತು. ಒಂದು ಗಂಟೆ ಬೇರೆಲ್ಲ ಕಡೆ ಹುಡುಕಿ, ಮತ್ತೆ ಫಿಲ್ಟರ್ ಬಿಚ್ಚಿದಾಗ ಎರಡು ರಿಂಗ್ ಕಂಡಿತು. ಫಿಲ್ಟರ್ ತೆಗೆದ ಕೂಡಲೇ ತಲೆಯ ಅಡಿಯನ್ನು ಉಗುರಿನಲ್ಲಿ ಸವರಿ ನೋಡುವುದು ಒಳ್ಳೆಯದು, ಹಳೇ ರಿಂಗ್ ಕೈಗೆ ಬರಬೇಕು.

ರಿಂಗ್ ಸರಿಮಾಡಿದ ಮೇಲೂ ಕೈಪಂಪು ಅರೆಗಟ್ಟಿ. ಹತ್ತು ನಿಮಿಷ ಬಿಟ್ಟರೆ ಮತ್ತೆ ಮೆತ್ತಗೆ.

ನವೆಂಬರ್ 10: ಕ್ಯಾನ್ ಪರೀಕ್ಷೆ

ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ ಇದು. ಟ್ಯಾಂಕು, ಪೈಪು, ಫಿಲ್ಟರು ಎಲ್ಲವನ್ನೂ ಪಕ್ಕಕ್ಕಿಟ್ಟು, ಪಂಪಿಗೆ ನೇರವಾಗಿ ಒಳ್ಳೆಯ ಡೀಸೆಲ್ ಕೊಡುವುದು. ಎಂಜಿನ್ ಹಿಡಿದರೆ ಪಂಪು ಸರಿ, ದೋಷ ಅದರ ಹಿಂದೆ. ಹಿಡಿಯದಿದ್ದರೆ ಆಮೇಲೆ ಪಂಪಿನ ಮಾತು. ಗ್ಯಾರೇಜುಗಳಲ್ಲಿ ಹಳೇ ಮೇಸ್ತ್ರಿಗಳು ಈ ರೋಟರಿ ಪಂಪುಗಳಿಗೆಲ್ಲ ಈಗಲೂ "ಮೈಕೋ ಪಂಪು" ಎನ್ನುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹೆಸರು ಬಾಯಿಂದ ಹೋಗಿಲ್ಲ. ಪಂಪು ಬಿಚ್ಚಿ ಬೆಂಚಿಗೆ ಹಾಕಿಸುವುದೆಂದರೆ ಸಾವಿರಾರು ರೂಪಾಯಿ ಖರ್ಚು, ಟೈಮಿಂಗ್ ಮತ್ತೆ ಕೂರಿಸುವ ತಲೆನೋವು. ಕ್ಯಾನ್ ಪರೀಕ್ಷೆ ಮಾಡದೆ ಪಂಪಿಗೆ ಕೈ ಹಾಕಬಾರದು.

ಮಾಡಿದ್ದು ಹೀಗೆ. 2 ಲೀಟರ್ ಕ್ಯಾನಿಗೆ ಹೊಸ ಡೀಸೆಲ್, ದಪ್ಪ ಬಟ್ಟೆಯಲ್ಲಿ ಸೋಸಿದ್ದು. ಕ್ಯಾನನ್ನು ಬಾನೆಟ್ ಕೊಕ್ಕೆಗೆ, ಪಂಪಿಗಿಂತ ಎತ್ತರದಲ್ಲಿ ಕಟ್ಟಿದೆ. ಪಾರದರ್ಶಕ ಪೈಪಿನ ಒಂದು ತುದಿ ಕ್ಯಾನಿನ ತಳಕ್ಕೆ, ಇನ್ನೊಂದು ಪಂಪಿನ ಒಳಹರಿವಿಗೆ. ವಾಪಸ್ ಪೈಪನ್ನು ತೆಗೆದು ಅದೇ ಕ್ಯಾನಿನ ಬಾಯಿಗೆ ಬಿಟ್ಟೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪಂಪಿನ ಒಳಹರಿವಿನ ಬೋಲ್ಟ್ ಮತ್ತು ವಾಪಸ್ ಬೋಲ್ಟ್ ನೋಡಲು ಅಣ್ಣತಮ್ಮಂದಿರಂತೆ ಇವೆ. ವಾಪಸ್ ಬೋಲ್ಟಿನ ತಲೆಯ ಮೇಲೆ ಔಟ್ ಎಂದು ಗುರುತು ಇರುತ್ತದೆ, ಒಳಗೆ ಸೂಜಿಮೊನೆಯಷ್ಟು ಸಣ್ಣ ತೂತು. ಪಂಪಿನೊಳಗಿನ ಒತ್ತಡ ನಿಲ್ಲುವುದೇ ಆ ಸಣ್ಣ ತೂತಿನಿಂದ. ಎರಡನ್ನೂ ಅದಲುಬದಲು ಹಾಕಿದರೆ ಒಳಹರಿವು ಕಟ್ಟಿಕೊಳ್ಳುತ್ತದೆ, ಎಂಜಿನ್ ಹಿಡಿಯುವುದಿಲ್ಲ, ಹಿಡಿದರೂ ಎಳೆಯುವುದಿಲ್ಲ. ಬಿಚ್ಚಿದ ಕೂಡಲೇ ಒಂದಕ್ಕೆ ದಾರ ಕಟ್ಟಿಡಬೇಕು.

ನಾಲ್ಕೂ ಇಂಜೆಕ್ಟರ್ ನಟ್ಟು ಒಂದೊಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, 10 ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ಬಿಡುವು ಕೊಡದಿದ್ದರೆ ಸೆಲ್ಫ್ ಮೋಟಾರ್ ಸುಡುತ್ತದೆ. ಎರಡನೇ ಸಲಕ್ಕೆ ನೊರೆ ಬಂತು, ಮೂರನೇ ಸಲಕ್ಕೆ ನಾಲ್ಕೂ ನಟ್ಟಿನಿಂದ ಡೀಸೆಲ್ ಚಿಮ್ಮಿತು. ನಟ್ಟು ಬಿಗಿದು ಸೆಲ್ಫ್ ಹೊಡೆದರೆ ಬಿಳಿ ಹೊಗೆ, ಒಂದು ಸಿಲಿಂಡರ್ ಹತ್ತಿತು, ಮತ್ತೊಂದು, ಹದಿನೈದು ಸೆಕೆಂಡಿನಲ್ಲಿ ಎಂಜಿನ್ ಹಿಡಿಯಿತು. ಮಧ್ಯಾಹ್ನ ಒಂದು ಗಂಟೆ, ಒಳ್ಳೆಯ ಬಿಸಿಲು. ಬಿಸಿಲಿದ್ದದ್ದರಿಂದಲೇ ಮುಂದಿನ ದೋಷ ಅವತ್ತು ಅಡಗಿಕೊಂಡಿತು.

ಪಂಪು ಸರಿ ಇದೆ. ಹಾಗಾದರೆ ಗಾಳಿ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲಿ ಹೊಗುತ್ತಿದೆ?

ಈ ಭಾಗದಲ್ಲಿ ಡೀಸೆಲ್ಲನ್ನು ಪಂಪು ಹೀರಿಕೊಳ್ಳುತ್ತದೆ. ಹಾಗಾಗಿ ಬಿರುಕು ಇದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಹನಿ ಹುಡುಕಿದರೆ ಸಿಗುವುದಿಲ್ಲ. ರಾತ್ರಿ ಗಾಡಿ ನಿಂತಾಗ ಅದೇ ಬಿರುಕಿನಿಂದ ಗಾಳಿ ಹೊಕ್ಕು, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. "ಬೆಳಗ್ಗೆ ಹಿಡಿಯಲ್ಲ, ಒಂದ್ಸಲ ಹಿಡಿದ್ರೆ ದಿನವೆಲ್ಲ ಸರಿ" ಎನ್ನುವ ದೂರಿನ ಒಂದು ಮೂಲ ಇದು. ಇನ್ನೊಂದು ಹೀಟರ್ ಪ್ಲಗ್ಗು. ಎರಡನ್ನೂ ಬೇರೆ ಮಾಡಿ ತೋರಿಸುವುದು ಪಾರದರ್ಶಕ ಪೈಪು.

ಕ್ಯಾನನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸಿದೆ. ಫಿಲ್ಟರಿನ ಹಿಂದೆ ಕ್ಯಾನ್ ಜೋಡಿಸಿ, ಫಿಲ್ಟರಿಗೂ ಪಂಪಿಗೂ ನಡುವೆ ಪಾರದರ್ಶಕ ಪೈಪಿನ ತುಂಡು ಹಾಕಿದರೆ ಗುಳ್ಳೆ ಇಲ್ಲ, ಅಂದರೆ ಫಿಲ್ಟರ್ ಮತ್ತು ಕೈಪಂಪು ಸರಿ. ಟ್ಯಾಂಕಿನ ಪೈಪನ್ನು ವಾಪಸ್ ಹಾಕಿದರೆ ಸಾಲುಸಾಲು ಗುಳ್ಳೆ, ಸೋಡಾ ಬಾಟಲಿಯ ಹಾಗೆ. ಗಾಡಿ ಅಡಿಯ ಕಬ್ಬಿಣದ ಪೈಪಿನ ಹಿಂದಿನ ತುದಿಗೆ ಕ್ಯಾನ್ ಒಯ್ದರೆ ಮತ್ತೆ ಗುಳ್ಳೆ ಇಲ್ಲ. ಉಳಿದದ್ದು ಟ್ಯಾಂಕಿನ ಮೇಲಿನ ಒಂದು ಗೇಣಿಗಿಂತ ಕಡಿಮೆ ಉದ್ದದ ರಬ್ಬರ್ ಪೈಪು. ಕ್ಲಿಪ್ಪಿನ ಅಂಚಿನಲ್ಲಿ ಮಡಿಸಿದಾಗ ಮಾತ್ರ ಬಾಯಿ ಬಿಡುವ ಬಿರುಕು, ನೇರ ಹಿಡಿದರೆ ಕಾಣುವುದೇ ಇಲ್ಲ.

8 ಮಿ.ಮೀ. ಡೀಸೆಲ್ ಹೋಸ್ 1 ಮೀಟರ್ 180, ಕ್ಲಿಪ್ಪು ನಾಲ್ಕು 100, ಪಾರದರ್ಶಕ ಪೈಪು 40, ಬಾಂಜೊ ಬೋಲ್ಟುಗಳಿಗೆ (ಒಳಗಿನ ತೂತಿನಲ್ಲಿ ಡೀಸೆಲ್ ಹರಿಯುವ ಬೋಲ್ಟು) ತಾಮ್ರದ ವಾಶರ್ 8ಕ್ಕೆ 40 ರೂಪಾಯಿ. ಪೈಪಿನ ಮೈಗೆ ಹಲ್ಲು ಕೊರೆಯುವ ತೆರೆದ ಪಟ್ಟಿಯ ಕ್ಲಿಪ್ಪು ಬೇಡ, ನಯವಾದ ಅಂಚಿನದು ತೆಗೆದುಕೊಳ್ಳಿ. ರಬ್ಬರ್ ಒಂದು ಕಡೆ ಹೋಗಿದ್ದರೆ ಉಳಿದ ಕಡೆಯೂ ಅದೇ ವಯಸ್ಸು, ಹಾಗಾಗಿ ಫಿಲ್ಟರಿನ ಎರಡೂ ಬದಿಯ ತುಂಡುಗಳನ್ನೂ ಬದಲಿಸಿದೆ.

ತಪ್ಪು 2: ಕ್ಯಾನ್ ತೆಗೆದು ಒಳಹರಿವಿನ ಬೋಲ್ಟ್ ವಾಪಸ್ ಹಾಕುವಾಗ ಹಳೇ ತಾಮ್ರದ ವಾಶರನ್ನೇ ಹಾಕಿದ್ದೆ. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗುತ್ತದೆ, ಮತ್ತೆ ಮೆತ್ತಗೆ ಕೂರುವುದಿಲ್ಲ. ಸಣ್ಣ ಗುಳ್ಳೆಗಳು ಮತ್ತೆ ಕಂಡವು. ಹೊಸ ವಾಶರ್ ಹಾಕಿದ ಮೇಲೆ ನಿಂತವು. ಅಂಗಡಿ ದೂರ ಇದ್ದು ಹೊಸದು ಸಿಗದಿದ್ದರೆ ಹಳೆಯದನ್ನು ಗ್ಯಾಸ್ ಒಲೆಯಲ್ಲಿ ಕೆಂಪಾಗುವಂತೆ ಕಾಯಿಸಿ, ಆರಿಸಿ, ಉಜ್ಜಿ ಹಾಕಿದರೆ ಒಂದು ಸಲಕ್ಕೆ ನಡೆಯುತ್ತದೆ.

ಸಂಜೆ 20 ನಿಮಿಷ ಓಡಿಸಿದೆ. ಬ್ಯಾಟರಿಯಲ್ಲಿ 14.1 ವೋಲ್ಟ್, ಆಲ್ಟರ್ನೇಟರ್ ಸರಿ. ಪಾರದರ್ಶಕ ಪೈಪಿನ ತುಂಡನ್ನು ಒಂದು ರಾತ್ರಿ ಹಾಗೇ ಬಿಟ್ಟೆ. ಇದನ್ನು ಖಾಯಂ ಬಿಡಬಾರದು, ಬಿಸಿಗೆ ಗಟ್ಟಿಯಾಗಿ ಸೀಳುತ್ತದೆ.

ನವೆಂಬರ್ 11: ಚಳಿ ಬೆಳಗ್ಗೆ

6.30, 15 ಡಿಗ್ರಿ. ಪಾರದರ್ಶಕ ಪೈಪು ತುಂಬಿಯೇ ಇದೆ, ಡೀಸೆಲ್ ಇಳಿದಿಲ್ಲ, ಗುಳ್ಳೆ ಇಲ್ಲ. ಆದರೂ ಬಿಡುವು ಕೊಟ್ಟು ಒಟ್ಟು 40 ಸೆಕೆಂಡ್ ಸೆಲ್ಫ್ ಹೊಡೆಯಬೇಕಾಯಿತು. ಶೆಡ್ಡಿನ ತುಂಬ ಬಿಳಿ ಹೊಗೆ. ಹಿಡಿದ ಮೇಲೂ ಒಂದು ನಿಮಿಷ ಕುಂಟಿತು. ಹತ್ತು ಗಂಟೆಗೆ ಅರ್ಧ ಸೆಕೆಂಡಿಗೆ ಹಿಡಿಯಿತು. ಡೀಸೆಲ್ ಬರುತ್ತಿದೆ, ಹೊಗೆ ಇದೆ, ಬಿಸಿ ಇದ್ದರೆ ಹಿಡಿಯುತ್ತದೆ. ಈಗ ಹೀಟರ್ ಪ್ಲಗ್ಗಿನ ಸರದಿ.

ತಪ್ಪು 3: ನಾಲ್ಕೂ ಪ್ಲಗ್ಗನ್ನು ಜೋಡಿಸುವ ಪಟ್ಟಿಯನ್ನು ತೆಗೆಯದೆ ಓಮ್ ಅಳೆದೆ. ಮೀಟರ್ 0.6 ತೋರಿಸಿತು. ಎಲ್ಲ ಸರಿ ಎಂದುಕೊಂಡು ಟೈಮಿಂಗ್ ಕಡೆ ಯೋಚನೆ ಹೋಯಿತು. ಪಟ್ಟಿ ಇದ್ದರೆ ಮೀಟರಿಗೆ ನಾಲ್ಕೂ ಒಟ್ಟಿಗೆ ಕಾಣುತ್ತವೆ, ಒಂದು ಬದುಕಿದ್ದರೂ ಓಮ್ ತೋರಿಸುತ್ತದೆ. ಪಟ್ಟಿ ತೆಗೆದು ಒಂದೊಂದಾಗಿ ನೋಡಿದಾಗ: ಒಂದನೆಯದು 0.9, ಎರಡನೆಯದು ತೆರೆದ ಸರ್ಕ್ಯೂಟ್, ಮೂರನೆಯದು 0.9, ನಾಲ್ಕನೆಯದು ತೆರೆದ ಸರ್ಕ್ಯೂಟ್. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೆ 0.3 ಬರುತ್ತದೆ, ಅದನ್ನು ಕಳೆಯಬೇಕು. ಅಂದರೆ ಒಳ್ಳೆಯವು 0.6 ಓಮ್. ಟೆಸ್ಟ್ ಲ್ಯಾಂಪನ್ನು ಬ್ಯಾಟರಿ ಪ್ಲಸ್‌ಗೆ ಕಚ್ಚಿಸಿ ಪ್ಲಗ್ಗಿನ ತುದಿಗೆ ತಾಗಿಸಿದರೂ ಇದೇ ಉತ್ತರ: ಒಂದು ಮತ್ತು ಮೂರರಲ್ಲಿ ಉರಿಯಿತು, ಎರಡು ಮತ್ತು ನಾಲ್ಕರಲ್ಲಿ ಇಲ್ಲ.

ಈ ಹಂತದಲ್ಲಿ ಯಾರಾದರೂ "ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿ" ಎಂದೋ, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲು ಹೇಳಿಯೋ ಹೋಗುತ್ತಾರೆ. ಹೀಟರ್ ಪ್ಲಗ್ಗು ಇರುವ ಎಂಜಿನ್ನಿಗೆ ಅದನ್ನು ಮಾಡಬೇಡಿ. ಕೆಂಪಗೆ ಕಾದ ಪ್ಲಗ್ಗಿಗೆ ಆವಿ ತಾಗಿ, ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಸಿಡಿಯುತ್ತದೆ. ರಿಂಗ್ ಮುರಿಯಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು. ತಳ್ಳಿ ಸ್ಟಾರ್ಟ್ ಮಾಡುವುದೂ ಈ ಎಂಜಿನ್ನಿಗೆ ಒಳ್ಳೆಯದಲ್ಲ. ಕ್ಲಚ್ ಬಿಟ್ಟ ಏಟಿಗೆ ಸವೆದ ಟೈಮಿಂಗ್ ಬೆಲ್ಟ್ ಹಲ್ಲು ಹಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ.

ನವೆಂಬರ್ 12: ಪ್ಲಗ್ಗು ಬಿಚ್ಚುವುದು, ಕಂಪ್ರೆಷನ್

ಹಿಂದಿನ ಸಂಜೆಯೇ ನಾಲ್ಕಕ್ಕೂ ತುಕ್ಕು ಬಿಡಿಸುವ ಎಣ್ಣೆ (190 ರೂಪಾಯಿ) ಹೊಡೆದಿದ್ದೆ. ಎಂಜಿನ್ ಕಾಯಿಸಿ, ಬಿಸಿ ಇರುವಾಗಲೇ ಬಿಚ್ಚಿದೆ. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಕಾಲು ಸುತ್ತು ಬಂದು ನಿಂತಿತು. ಇಲ್ಲಿ ಬಲ ಹಾಕಿದರೆ ತುದಿ ಹೆಡ್ಡಿನೊಳಗೆ ಮುರಿದು ಉಳಿಯುತ್ತದೆ, ಆಮೇಲೆ ಹೆಡ್ ಇಳಿಸಬೇಕಾದೀತು. ಕಾಲು ಸುತ್ತು ಬಿಚ್ಚು, ಅರ್ಧ ಕಾಲು ಬಿಗಿ, ಎಣ್ಣೆ, ಮತ್ತೆ ಬಿಚ್ಚು. ಹೀಗೆ ನಲವತ್ತು ನಿಮಿಷ. ಕೊನೆಗೆ ಬಂತು, ತುದಿ ಊದಿಕೊಂಡಿತ್ತು.

ಪ್ಲಗ್ಗಿನ ತೂತು ತೆರೆದಿರುವಾಗಲೇ ಕಂಪ್ರೆಷನ್ ನೋಡಿಬಿಡಬೇಕು, ಇನ್ನೊಮ್ಮೆ ಬಿಚ್ಚುವ ಕೆಲಸ ತಪ್ಪುತ್ತದೆ. ಸ್ಟಾಪ್ ಸೊಲೆನಾಯ್ಡ್ ವೈರ್ ತೆಗೆದು, ಪ್ರತಿಯೊಂದರಲ್ಲೂ 5 ಸೆಕೆಂಡ್ ಸೆಲ್ಫ್. ಬಂದದ್ದು 27, 26, 27, 25 ಬಾರ್. ಇಂಥ ಎಂಜಿನ್ನಿಗೆ 20ಕ್ಕಿಂತ ಕೆಳಗೆ ಇಳಿದರೆ ಚಳಿಗೆ ಹಿಡಿಯುವುದು ಕಷ್ಟ. ಎಂಜಿನ್ ಆರೋಗ್ಯವಾಗಿದೆ. ಪೆಟ್ರೋಲ್ ಗಾಡಿಯ ಗೇಜು ಇದಕ್ಕೆ ಬಳಸಬೇಡಿ, ಮುಳ್ಳು ಮುರಿಯುತ್ತದೆ.

ಹೊಸ ಪ್ಲಗ್ಗು 340ರಂತೆ ನಾಲ್ಕು, 1,360. ಎರಡು ಮಾತ್ರ ಹೋಗಿದ್ದರೂ ನಾಲ್ಕನ್ನೂ ಬದಲಿಸುವುದೇ ಸರಿ. ಅಂಗಡಿಯಲ್ಲಿ 150ರ ಪ್ಲಗ್ಗೂ ಇತ್ತು, ಹೆಸರಿಲ್ಲದ ಡಬ್ಬಿ. ಅಗ್ಗದ ಪ್ಲಗ್ಗಿನ ತುದಿ ಬೇಗ ಊದಿಕೊಳ್ಳುತ್ತದೆ, ಆಗ ನಾಲ್ಕನೆಯದರ ಕಥೆ ಮತ್ತೆ. ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಮೆಲ್ಲಗೆ ಬಿಗಿದೆ.

ನವೆಂಬರ್ 13 ಮತ್ತು 14: ಹೊಸ ಪ್ಲಗ್ಗು, ಅದೇ ಹೊಗೆ

ಬೆಳಗ್ಗೆ 6.30, 15 ಡಿಗ್ರಿ. 14 ಸೆಕೆಂಡ್, ಬಿಳಿ ಹೊಗೆ. ಮೊದಲಿಗಿಂತ ಉತ್ತಮ, ಆದರೆ ನಾಲ್ಕು ಹೊಸ ಪ್ಲಗ್ಗು ಹಾಕಿದ ಎಂಜಿನ್ ಹೀಗಿರಬಾರದು.

ತಪ್ಪು 4, ಇಡೀ ಕೆಲಸದ ದೊಡ್ಡ ತಪ್ಪು: ಪ್ಲಗ್ಗಿಗೆ ಬರುವ ವೋಲ್ಟೇಜನ್ನು ಹಳೇ ಪ್ಲಗ್ಗು ಇರುವಾಗಲೇ ನೋಡಬೇಕಿತ್ತು. ನೋಡಲಿಲ್ಲ.

ಕೀ ಆನ್, ಡ್ಯಾಶ್‌ಬೋರ್ಡಿನ ಹೀಟರ್ ದೀಪ ಉರಿಯುವಾಗ ಅಳತೆ: ಬ್ಯಾಟರಿಯಲ್ಲಿ 11.6, ಪ್ಲಗ್ಗಿನ ಪಟ್ಟಿಯಲ್ಲಿ 8.2. ಕ್ಲಾಂಪ್ ಮೀಟರ್ 33 ಆಂಪ್. ನಡುವೆ 3.4 ವೋಲ್ಟ್ ಎಲ್ಲಿಗೆ ಹೋಯಿತು? ದೊಡ್ಡ ಫ್ಯೂಸಿನ ಎರಡು ತುದಿಗಳ ನಡುವೆ 0.1, ಸರಿ. ಹೀಟರ್ ರಿಲೇಯ (ಪ್ಲಗ್ಗುಗಳಿಗೆ ಕರೆಂಟ್ ಹರಿಸುವ ಸ್ವಿಚ್) ಎರಡು ದಪ್ಪ ಬೋಲ್ಟುಗಳ ನಡುವೆ 2.8. ದೋಷ ಸಿಕ್ಕಿತು. ರಿಲೇ "ಟಕ್" ಎನ್ನುತ್ತಿತ್ತು, ಕೈಯಿಟ್ಟರೆ ಸುಡುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಕಾಂಟ್ಯಾಕ್ಟ್ ಕರಕಲು. ಹೀಟರ್ ದೀಪ ಉರಿದು ಆರುವುದು ಟೈಮರಿನ ಲೆಕ್ಕಕ್ಕೆ. ಪ್ಲಗ್ಗು ಕಾದಿದೆ ಎಂಬುದಕ್ಕೆ ಅದು ಸಾಕ್ಷಿ ಅಲ್ಲ.

ಹೊಸ ರಿಲೇ 650. ಅದರ ಬೋಲ್ಟು ಲಗ್ಗುಗಳನ್ನೂ ಉಜ್ಜಿದೆ. 14ರಂದು ಅಳತೆ: ಪಟ್ಟಿಯಲ್ಲಿ 11.0 ವೋಲ್ಟ್, 42 ಆಂಪ್. ಮೊದಲು ನಾಲ್ಕು ಪ್ಲಗ್ಗಿಗೂ ಸೇರಿ 270 ವ್ಯಾಟ್ ಸಿಗುತ್ತಿತ್ತು, ಈಗ 462. ಬೆಳಗ್ಗೆ 4 ಸೆಕೆಂಡಿಗೆ ಹಿಡಿಯಿತು.

ನವೆಂಬರ್ 17: ಉಳಿದ ಕುಂಟು

ಹಿಡಿದ ಮೇಲೆ ಅರ್ಧ ನಿಮಿಷ "ಟಕಟಕ" ಸದ್ದು, ಬಿಳಿ ಹೊಗೆ. ಐಡಲಿನಲ್ಲಿ ಒಂದೊಂದೇ ಇಂಜೆಕ್ಟರ್ ನಟ್ಟು ಸಡಿಲಿಸಿ ನೋಡಿದೆ. ಎರಡನೆಯದನ್ನು ಸಡಿಲಿಸಿದಾಗ ಮಾತ್ರ ಎಂಜಿನ್ನಿನ ಓಟ ಬದಲಾಗಲಿಲ್ಲ, ಅಂದರೆ ಅದು ಕೆಲಸ ಮಾಡುತ್ತಿರಲಿಲ್ಲ. ನಾಲ್ಕನ್ನೂ ಬಿಚ್ಚಿ ಹಾಸನದಲ್ಲಿ ಡೀಸೆಲ್ ಪಂಪು ಮತ್ತು ನಾಝಲ್ (ಇಂಜೆಕ್ಟರಿನ ಸಿಂಪಡಿಸುವ ತುದಿ) ಪರೀಕ್ಷಿಸುವ ಒಂದು ಅಂಗಡಿಗೆ ಒಯ್ದೆ. ತೆರೆಯುವ ಒತ್ತಡ 128, 96, 124, 126 ಬಾರ್. ಎರಡನೆಯದು ಸಿಂಪಡಿಸುವ ಬದಲು ಹನಿ ಹಾಕುತ್ತಿತ್ತು. ಒಂದು ಹೊಸ ನಾಝಲ್ 480, ನಾಲ್ಕರ ಪರೀಕ್ಷೆ ಮತ್ತು ಶಿಮ್ (ತೆರೆಯುವ ಒತ್ತಡ ಹೊಂದಿಸುವ ತೆಳು ಬಿಲ್ಲೆ) ಹೊಂದಿಸಿದ ಕೂಲಿ 600, ಅಡಿಯ ಹೀಟ್ ವಾಶರ್ ನಾಲ್ಕಕ್ಕೆ 60. ಈ ವಾಶರಿಗೆ ಮೇಲು ಕೆಳಗು ಇದೆ, ಹಳೆಯದನ್ನು ತೆಗೆಯುವಾಗಲೇ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯದು ತೂತಿನ ತಳದಲ್ಲೇ ಉಳಿದಿರುತ್ತದೆ, ಕೊಕ್ಕೆ ಹಾಕಿ ಎತ್ತಬೇಕು. ಫಿಲ್ಟರ್ ರಿಂಗಿನ ತಪ್ಪು ಇಲ್ಲೂ ಆಗಬಹುದಿತ್ತು.

ಖರ್ಚು: ಅರ್ತ್ ಕೇಬಲ್ 280, ಫಿಲ್ಟರ್ 320, ಹೋಸ್, ಕ್ಲಿಪ್ಪು, ಪೈಪು, ತಾಮ್ರದ ವಾಶರ್ 360, ಎಣ್ಣೆ 190, ಪ್ಲಗ್ಗು 1,360, ರಿಲೇ 650, ಇಂಜೆಕ್ಟರ್ ಕೆಲಸ 1,140, ಪರೀಕ್ಷೆಗೆ ಡೀಸೆಲ್ 5 ಲೀಟರ್ 450. ಒಟ್ಟು 4,750 ರೂಪಾಯಿ, ಗೇಜಿನ ಬಾಡಿಗೆ ಬಿಟ್ಟು.

ನವೆಂಬರ್ 24

ಬೆಳಗ್ಗೆ 6.40, 14 ಡಿಗ್ರಿ. ಎರಡು ದಿನ ಮುಟ್ಟದೆ ಬಿಟ್ಟ ಗಾಡಿ. ಹೀಟರ್ ದೀಪ ಆರಿದ ಮೇಲೆ ಸೆಲ್ಫ್, 2 ಸೆಕೆಂಡಿಗೆ ಹಿಡಿಯಿತು. ಹೊಗೆ ಒಂದು ಉಸಿರಿನಷ್ಟು. ಫಿಲ್ಟರ್ ಅಡಿಯಿಂದ ಮತ್ತೆ ಬಿಟ್ಟು ನೋಡಿದೆ, ಒಂದು ಚಮಚ ನೀರು ಬಂತು. ಟ್ಯಾಂಕಿನ ತಳದಲ್ಲಿ ಇನ್ನೂ ಉಳಿದಿದೆ ಎಂದಾಯಿತು. ಟ್ಯಾಂಕ್ ಇಳಿಸಿ ತೊಳೆಯುವ ತನಕ ವಾರಕ್ಕೊಮ್ಮೆ ಬಿಡಬೇಕು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂಬ ದಾಖಲೆ ಗಾಡಿಯ ಪುಸ್ತಕದಲ್ಲಿಲ್ಲ. ಹಲ್ಲು ನೋಡಲು ಸರಿ ಇದ್ದರೂ ರಬ್ಬರಿನ ವಯಸ್ಸು ಕಣ್ಣಿಗೆ ಕಾಣುವುದಿಲ್ಲ. ಬೆಲ್ಟು, ಟೆನ್ಷನರ್ ಎರಡನ್ನೂ ಬದಲಿಸುವ ತನಕ ಗಾಡಿ ಘಾಟಿ ಇಳಿಯುವುದಿಲ್ಲ.